ಒಂದೇ ಕೈಬರಹದ ತೊಂಬತ್ತನಾಲ್ಕು ಕಾರ್ಡುಗಳು

ಅಮಗಸಾಕಿ
೪ ಜೂನ್ ೨೦೧೨

ಶ್ರೀಯುತ ಹೊಜುಮಿ ಶೂಜಿಯವರಿಗೆ,

ಮಳೆಗಾಲ ಹತ್ತಿರ ಬಂತು, ಅಂಗಡಿಯ ನೆಲ ಈಗಲೇ ಬೆವರುತ್ತಿದೆ. ಋತುವಿನ ಬಗ್ಗೆ ಎರಡು ಮಾತು ಬರೆದು ಪತ್ರ ಶುರು ಮಾಡುವುದು ಮರ್ಯಾದೆ, ಹಾಗಾಗಿ ಬರೆದೆ. ಇನ್ನು ವಿಷಯಕ್ಕೆ ಬರುತ್ತೇನೆ.

ನನ್ನ ನೆನಪು ನಿಮಗಿದೆಯೋ ಇಲ್ಲವೋ. ಒಸಾಕಾದ ಹಮಾಗುರಿ ಗೇಮ್ಸ್‌ನಲ್ಲಿ ನಿಮ್ಮ ಪಕ್ಕದ ಮೇಜಿನಲ್ಲಿ ಐದು ವರ್ಷ ಕೂತಿದ್ದ ತತ್ಸುಮಿ ಯೊರಿಕೊ ನಾನು. ನಿಮ್ಮ ಟೋಕಿಯೋದ ದೊಡ್ಡ ಕಂಪನಿ ನಮ್ಮ ಹಮಾಗುರಿಯನ್ನು ಕೊಂಡಾಗ ನೀವು ಅದರ ಜೊತೆ ಹೋದಿರಿ. ನಾನು ಊರಿಗೆ ಬಂದು ಚಿಕ್ಕಪ್ಪನ ಗೇಮ್ ಸೆಂಟರ್, ಕಾಸು ಹಾಕಿ ಆಡುವ ವಿಡಿಯೋ ಆಟದ ಪೆಟ್ಟಿಗೆಗಳ ಆ ಅಂಗಡಿ, ನೋಡಿಕೊಂಡೆ. ಹದಿನಾಲ್ಕು ವರ್ಷದಿಂದ ಅದನ್ನೇ ನೋಡಿಕೊಂಡಿದ್ದೇನೆ.

ಹೋದ ವಾರ ನಿಮ್ಮ ಕಂಪನಿಯ ಕರಪತ್ರ ಬಂತು. ಹದಿನೇಳು ವರ್ಷದ ಮೇಲೆ ‘ಓಣಿ ಕಾಳಗ’ ಹೊಸದಾಗಿ ಬರುತ್ತಿದೆ, ನವೆಂಬರಿನಲ್ಲಿ. ಹದಿನಾರು ಜನ ಹೋರಾಟಗಾರರ ಚಿತ್ರ ಹಾಕಿದ್ದೀರಿ. ಮೂರು ಸಲ ಎಣಿಸಿದೆ, ಅದರಲ್ಲಿ ಓಕಿನು ಇಲ್ಲ.

ನಿಮಗೆ ಇದು ಸಣ್ಣ ವಿಷಯ ಇರಬಹುದು. ನನ್ನ ಅಂಗಡಿಯಲ್ಲಿ ಬೆಳಿಗ್ಗೆ ಹತ್ತರಿಂದ ಊಟದ ಹೊತ್ತಿನವರೆಗೆ ಬರುವವರೆಲ್ಲ ಮುದುಕರು. ಎಂಬತ್ತರ ಮೇಲಿನವರು. ಬೇಸಿಗೆಗೆ ತಂಪು, ಚಳಿಗೆ ಬಿಸಿ, ಬಾರ್ಲಿ ಟೀ ಪುಕ್ಕಟೆ, ಮಾತಿಗೆ ಜನ. ಹಳೆಯ ‘ಓಣಿ ಕಾಳಗ’ದ ಒಂದೇ ಪೆಟ್ಟಿಗೆಗೆ ಸರದಿ ಹಾಕಿಕೊಂಡು ಆಡುತ್ತಾರೆ, ಎಲ್ಲರೂ ಓಕಿನುವನ್ನೇ ಹಿಡಿಯುತ್ತಾರೆ. ಊರಿನವರೆಲ್ಲ ಕಾಸು ಕೊಟ್ಟು ಮೀಯುವ ಸ್ನಾನದ ಮನೆ ನಡೆಸುವ ಎಪ್ಪತ್ತೆರಡರ ಅಜ್ಜಿ, ಮರದ ಬಕೆಟ್ಟಿನಲ್ಲಿ ಹೊಡೆಯುವವಳು, ಸೋಪು ಎಸೆದು ಜಾರಿಸಿ ಬೀಳಿಸುವವಳು. ಇಬ್ಬರು ಎದುರಾಬದುರು ಆಡಿದರೂ ಓಕಿನುವಿನ ಮೇಲೆ ಓಕಿನು. ಅವರಿಗೆಲ್ಲ ಈಗ ಅವಳಿಗಿಂತ ಹೆಚ್ಚು ವಯಸ್ಸು.

ಹೊಸ ಪೆಟ್ಟಿಗೆ ಬೇಕಾದರೆ ಹಳೆಯದನ್ನು ಲಾರಿಗೆ ಹಾಕಿ ವಾಪಸ್ ಕೊಡಬೇಕು ಅಂತ ನಿಮ್ಮ ಕಂಪನಿಯ ಶರತ್ತು. ಹೊಸದು ಇಲ್ಲದಿದ್ದರೆ ಸಂಜೆ ಬರುವ ಕಾಲೇಜಿನವರು ಸ್ಟೇಷನ್ ಎದುರಿನ ದೊಡ್ಡ ಅಂಗಡಿಗೆ ಹೋಗುತ್ತಾರೆ. ಹೊಸದು ತಂದರೆ ಓಕಿನು ನನ್ನ ಅಂಗಡಿಯಿಂದ ಶಾಶ್ವತವಾಗಿ ಹೋಗುತ್ತಾಳೆ.

ಯಾಕೆ ಇಲ್ಲ ಅಂತ ಅವರು ದಿನಾ ನನ್ನನ್ನು ಕೇಳುತ್ತಿದ್ದಾರೆ. ಹೊಸ ಆಟದಲ್ಲಿ ಯಾರಿರಬೇಕು ಅಂತ ನೀವು ಮತ ಕೇಳಿದಾಗ ನಾವೂ ಕಾರ್ಡ್ ಕಳಿಸಿದ್ದೆವು. ದಯವಿಟ್ಟು ಉತ್ತರ ಬರೆಯಿರಿ.

ಇಂತಿ,
ತತ್ಸುಮಿ ಯೊರಿಕೊ


ಟೋಕಿಯೋ
೨೧ ಜೂನ್ ೨೦೧೨

ಯೊರಿಕೊ,

ನಾನು ನಿನಗೆ ಯಾವಾಗಿನಿಂದ ‘ಶ್ರೀಯುತ’ ಆದೆ ಮಾರಾಯ್ತಿ? ನನ್ನ ಊಟದ ಡಬ್ಬಿಯಿಂದ ಕರಿದ ಸೀಗಡಿ ಕದ್ದು ತಿಂದವಳು ನೀನು. ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ನನಗೀಗ ಐವತ್ತು. ಕಂಪನಿಯಲ್ಲಿ ನನ್ನ ಕೆಲಸ ಏನು ಗೊತ್ತಾ? ಅಭಿಮಾನಿಗಳ ಅಭಿಪ್ರಾಯ ಓದುವುದು. ಆಟ ಮಾಡುವವನಾಗಿ ಬಂದೆ, ಬೈಗುಳ ಓದುವವನಾಗಿ ಉಳಿದೆ. ಪಟ್ಟಿ ಹೊರಬಿದ್ದ ದಿನ ನಾಲ್ಕು ಸಾವಿರ ಸಂದೇಶ. ‘ಹದಿನಾರರಲ್ಲಿ ಐದು ಜನ ಕತ್ತಿ ಹಿಡಿದವರು, ಐವರಿಗೂ ಒಂದೇ ಮುಖ, ಕೂದಲಿನ ಬಣ್ಣ ಬದಲಾಯಿಸೋದಕ್ಕೆ ಸಂಬಳ ತಗೋತೀರಾ?’ ಅಂತ ಒಬ್ಬ. ‘ಕುಸ್ತಿಪಟುವನ್ನು ಬಿಟ್ಟಿದ್ದೀರಿ, ನನ್ನ ಬಾಲ್ಯವನ್ನು ಕೊಂದಿದ್ದೀರಿ’ ಅಂತ ಇನ್ನೊಬ್ಬ. ಅದೇ ಕುಸ್ತಿಪಟು ಹಳೆಯ ಆಟದಲ್ಲಿದ್ದಾಗ ಅವನನ್ನು ತೆಗೆಯಿರಿ ಅಂತ ವರ್ಷಕ್ಕೆ ಇನ್ನೂರು ಪತ್ರ ಬರುತ್ತಿದ್ದವು. ನಾಲ್ಕು ಪಾತ್ರಗಳನ್ನು ಡಿಸ್ಕಿನೊಳಗೇ ಇಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಆಮೇಲೆ ಮಾರುತ್ತೇವೆ ಅನ್ನುವುದನ್ನೂ ಯಾರೋ ಪತ್ತೆ ಹಚ್ಚಿದ್ದಾರೆ. ‘ಕಳ್ಳರು’ ಅಂತ ಬರೆಯುತ್ತಾರೆ. ನಾನು ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಕೃತಜ್ಞತೆಗಳು’ ಅಂತ ಉತ್ತರಿಸುತ್ತೇನೆ. ಒಳಗೊಳಗೇ ಅವರು ಹೇಳುವುದು ಸರಿ ಅನ್ನಿಸುತ್ತದೆ. ತಲೆ ಚಿಟ್ಟು ಹಿಡಿದಿದೆ ಯೊರಿಕೊ.

ಓಕಿನು ವಿಷಯ. ಹನ್ನೆರಡು ಜನರನ್ನು ಕಂಪನಿ ಆರಿಸಿತು. ಉಳಿದ ನಾಲ್ಕು ಸ್ಥಾನ ಮತಕ್ಕೆ ಬಿಟ್ಟಿತು. ಗೇಮ್ ಸೆಂಟರುಗಳಲ್ಲಿ ಇಟ್ಟಿದ್ದ ಕಾರ್ಡುಗಳನ್ನು ಎಣಿಸಿದವನು ನಾನೇ. ಕೊನೆಯ ಸ್ಥಾನ ಗೆದ್ದವನಿಗೆ ನೂರ ಮೂವತ್ತು ಮತ. ಓಕಿನುವಿಗೆ ಬಂದದ್ದು ಅರವತ್ತೊಂದು. ಕಾಲ ಬದಲಾಗಿದೆ, ಅಜ್ಜಿಯನ್ನು ಹಿಡಿದು ಆಡುವವರು ಕಡಿಮೆಯಾಗಿದ್ದಾರೆ. ನಿನ್ನ ಗಿರಾಕಿಗಳಿಗೆ ನನ್ನ ಪರವಾಗಿ ತಲೆಬಾಗಿ ಹೇಳು.

ಆರೋಗ್ಯ ನೋಡಿಕೋ. ಸೊಂಟದ ನೋವು ಹೇಗಿದೆ?

ನಿನ್ನ,
ಶೂಜಿ


ಅಮಗಸಾಕಿ
೨೫ ಜೂನ್ ೨೦೧೨

ಶೂಜಿ,

ಸೊಂಟದ ನೋವು ಸೊಂಟದಲ್ಲೇ ಇದೆ. ಬೇರೆ ಮಾತು ಬೇಡ.

ನನ್ನ ಅಂಗಡಿಯಿಂದ, ಪಕ್ಕದ ಬೀದಿಯ ಹಿರಿಯರ ಸಂಘದಿಂದ, ಅವರ ಹಗಲು ಆರೈಕೆ ಕೇಂದ್ರದಿಂದ ತೊಂಬತ್ತನಾಲ್ಕು ಜನ ಓಕಿನುವಿಗೆ ಮತ ಹಾಕಿದರು. ಕಾರ್ಡುಗಳನ್ನು ದಾರ ಕಟ್ಟಿ ಅಂಚೆಗೆ ಹಾಕಿದವಳು ನಾನು. ದೇಶದ ಉಳಿದೆಡೆಯಿಂದ ಒಂದೂ ಬರದಿದ್ದರೂ ಓಕಿನುವಿಗೆ ತೊಂಬತ್ತನಾಲ್ಕು ಇರಬೇಕಿತ್ತು. ನೀನು ಅರವತ್ತೊಂದು ಅಂತ ಬರೆದಿದ್ದೀಯ.

ಕಾರ್ಡು ನೋಡಿದ್ದೀಯಲ್ಲ? ಕಾರಣ ಬರೆಯುವ ಜಾಗ ಅವರೆಕಾಳಿನಷ್ಟು. ನಮ್ಮವರಿಗೆ ಕೈ ನಡುಗುತ್ತದೆ, ಕಣ್ಣು ಕಾಣುವುದಿಲ್ಲ. ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು, ಅವರು ಹೇಳಿದ್ದನ್ನು ಹೇಳಿದ ಹಾಗೇ ನಾನು ಬರೆದೆ. ಮೂರು ವಾರ ಹಿಡಿಯಿತು. ಮಿಯಾಕೆ ತಾತ ನಾಲ್ಕು ಸಲ ಮಾತು ಬದಲಾಯಿಸಿದರು, ಅವರಿಗೇ ಮೂರು ಕಾರ್ಡು ಹಾಳಾದವು.

ಅವು ಎಲ್ಲಿ ಹೋದವು? ಪತ್ರಿಕೆಯವರು ನಿನ್ನನ್ನು ‘ಓಕಿನುವಿನ ತಂದೆ’ ಅಂತ ಕರೆಯುತ್ತಾರೆ. ಅವಳನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಿದ್ದು ಯಾರು ಅಂತ ನಮ್ಮಿಬ್ಬರಿಗೂ ಗೊತ್ತು. ಹದಿನಾಲ್ಕು ವರ್ಷ ಅದನ್ನು ಹೊಟ್ಟೆಗೆ ಹಾಕಿಕೊಂಡೆ. ಇದನ್ನು ಹಾಕಿಕೊಳ್ಳುವುದಿಲ್ಲ.

ಯೊರಿಕೊ


ಅಮಗಸಾಕಿ
೩೦ ಆಗಸ್ಟ್ ೨೦೧೨

ಶೂಜಿ,

ಎರಡು ತಿಂಗಳಾಯಿತು. ಉತ್ತರ ಬರೆಯದಿರುವುದೂ ಒಂದು ಉತ್ತರ ಅಂದುಕೊಂಡು ಸುಮ್ಮನಿದ್ದೆ. ಆದರೆ ನಿಮ್ಮ ಮಾರಾಟದ ವಿಭಾಗದವರು ಒಪ್ಪಂದದ ಕಾಗದ ಕಳಿಸಿದ್ದಾರೆ. ನವೆಂಬರ್ ಹದಿನಾರಕ್ಕೆ ಲಾರಿ ಬರುತ್ತದಂತೆ, ಹಳೆಯದನ್ನು ಒಯ್ದು ಹೊಸದನ್ನು ಇಳಿಸಲು. ನಾನು ಸಹಿಯ ಮುದ್ರೆ ಒತ್ತಿ ಕಳಿಸಿದೆ. ಬೇರೆ ದಾರಿ ಏನಿದೆ?

ಈ ಸಲ ಬೇಸಿಗೆ ವಿಪರೀತ. ಮನೆಯಲ್ಲಿ ಒಬ್ಬರೇ ಇದ್ದು ಬಿಸಿಲಿಗೆ ತಲೆ ತಿರುಗಿ ಬೀಳುವುದು ಬೇಡ ಅಂತ ವಾರ್ಡಿನ ಆಫೀಸಿನವರೇ ಮುದುಕರನ್ನು ನಮ್ಮ ಅಂಗಡಿಗೆ ಹೋಗಿ ಅನ್ನುತ್ತಿದ್ದಾರೆ. ನಿಶಿಓಕಾ ತೊಮೆ ಅಂತ ಒಬ್ಬರಿದ್ದಾರೆ, ಎಂಬತ್ತೆಂಟು ವಯಸ್ಸು. ತೊಮೆ ಅಜ್ಜಿ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ಶಟರ್ ಮುಂದೆ ನಿಂತಿರುತ್ತಾರೆ. ‘ಓಕಿನು ಯಾಕೆ ಸೋತಳು, ಸರಿಯಾಗಿ ಎಣಿಸಿದ್ರಾ?’ ಅಂತ ಕೇಳುತ್ತಾರೆ. ‘ಕೇಳಿದ್ದೀನಿ ಅಜ್ಜಿ, ಉತ್ತರ ಬರುತ್ತೆ’ ಅನ್ನುತ್ತೇನೆ. ‘ಕಂಪನಿಯವರು ದೊಡ್ಡ ಜನ, ಅವರಿಗೆ ಪುರಸೊತ್ತಿರಲ್ಲ ಪಾಪ’ ಅಂತ ನನಗೇ ಸಮಾಧಾನ ಹೇಳುತ್ತಾರೆ.

ನನಗೆ ಜಗಳ ಬೇಡ. ಜಗಳ ಮಾಡುವ ಶಕ್ತಿಯೂ ಇಲ್ಲ. ಅವರಿಗೆ ಹೇಳಲು ಒಂದು ಮಾತು ಕೊಡು.

ಯೊರಿಕೊ


ಟೋಕಿಯೋ
೧೨ ಸೆಪ್ಟೆಂಬರ್ ೨೦೧೨

ಯೊರಿಕೊ,

ಈ ಪತ್ರ ಐದು ಸಲ ಬರೆದು ಹರಿದಿದ್ದೇನೆ. ಇದು ಆರನೆಯದು.

ನಮ್ಮಲ್ಲಿ ಒಂದು ನಿಯಮವಿದೆ. ಒಂದೇ ಕೈಬರಹದ ಕಾರ್ಡು ಎಷ್ಟೇ ಬಂದರೂ ಒಂದೇ ಮತ. ಹಿಂದೊಮ್ಮೆ ಒಬ್ಬನೇ ಮುನ್ನೂರು ಸುಳ್ಳು ಹೆಸರು ಹಾಕಿ ತನ್ನ ಪ್ರೀತಿಯ ಕತ್ತಿವೀರನಿಗೆ ಮತ ಕಳಿಸಿದ್ದ, ಅದರಿಂದ ಆದ ನಿಯಮ. ನಿನ್ನ ಕಟ್ಟು ಬಿಚ್ಚಿದೆ. ತೊಂಬತ್ತನಾಲ್ಕು ಹೆಸರು, ಎಂಬತ್ತು, ಎಂಬತ್ತಮೂರು, ತೊಂಬತ್ತೊಂದು ಅಂತ ವಯಸ್ಸು, ಎಲ್ಲ ಒಂದೇ ಕೈ. ನಿಯಮದ ಪ್ರಕಾರ ಒಂದು ಮತ ಅಂತ ಬರೆದೆ. ನಾನು ಪತ್ರ ಇಲ್ಲಿಗೇ ನಿಲ್ಲಿಸಬಹುದಿತ್ತು. ಹಿಂದಿನ ಐದರಲ್ಲಿ ಇಲ್ಲಿಗೇ ನಿಲ್ಲಿಸಿದ್ದೆ.

ಆ ಕೈ ನಿನ್ನದು ಅಂತ ನನಗೆ ಗೊತ್ತಾಯಿತು. ಮೊದಲ ಕಾರ್ಡಿನಲ್ಲೇ ಗೊತ್ತಾಯಿತು. ಐದು ವರ್ಷ ನಿನ್ನ ಚಿತ್ರಗಳ ಅಂಚಿನಲ್ಲಿ ನೀನು ಬರೆಯುತ್ತಿದ್ದ ಟಿಪ್ಪಣಿ ಓದಿದವನು ನಾನು. ಗೊತ್ತಾದ ಮೇಲೆ ಒಂದನ್ನೂ ಓದಲಿಲ್ಲ. ಯೊರಿಕೊಗೆ ಇನ್ನೂ ಓಕಿನುವನ್ನು ಬಿಡಲು ಆಗಿಲ್ಲ, ಒಬ್ಬಳೇ ಕೂತು ಸುಳ್ಳು ಹೆಸರು ಹಾಕಿದ್ದಾಳೆ ಅಂದುಕೊಂಡೆ. ನಾಚಿಕೆಯಾಯಿತು, ನಿನ್ನ ಬಗ್ಗೆ ಅಲ್ಲ.

ಹಮಾಗುರಿಯಲ್ಲಿ ಆಟದ ಕೊನೆಗೆ ನಮ್ಮ ನಿಜವಾದ ಹೆಸರು ಹಾಕಲು ಬಿಡುತ್ತಿರಲಿಲ್ಲ, ಬೇರೆ ಕಂಪನಿಯವರು ನಮ್ಮನ್ನು ಎಳೆದುಕೊಂಡು ಹೋಗುತ್ತಾರೆ ಅಂತ. ನೀನು ‘ಒಣಮೀನು’, ನಾನು ‘ತೂಕಡಿಕೆ’. ಆಮೇಲೆ ಪತ್ರಿಕೆಯವರು ಒಣಮೀನು ಯಾರು ಅಂತ ಕೇಳಿಕೊಂಡು ಬಂದಾಗ ಹಮಾಗುರಿಯಿಂದ ಇಲ್ಲಿ ಉಳಿದವನು ನಾನೊಬ್ಬನೇ. ನಾನು ಅಂತ ಹೇಳಲಿಲ್ಲ. ನಾನಲ್ಲ ಅಂತಲೂ ಹೇಳಲಿಲ್ಲ. ಅವರು ಬರೆದುಕೊಂಡರು. ಓಕಿನು ಹೊಸ ಆಟಕ್ಕೆ ಬಂದರೆ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಫೋಟೋ. ಅವಳು ಬಾರದಿದ್ದರೆ ನನಗೆ ಹಗುರ. ಅಷ್ಟರಲ್ಲಿ ನಿಯಮವೊಂದು ಕೈಗೆ ಸಿಕ್ಕಿತು.

ಕಾರ್ಡುಗಳನ್ನು ಎಸೆದಿಲ್ಲ, ಗೋದಾಮಿನಲ್ಲಿವೆ. ಅರವತ್ತೊಂದರಲ್ಲಿ ಒಂದು ಕಳೆದು ತೊಂಬತ್ತನಾಲ್ಕು ಕೂಡಿಸಿದರೆ ನೂರ ಐವತ್ತನಾಲ್ಕು. ಓಕಿನು ಗೆದ್ದಿದ್ದಳು. ತಿಂಗಳ ಕೊನೆಯ ಸಭೆಯಲ್ಲಿ ಇದನ್ನು ಎಲ್ಲರ ಮುಂದೆ ಹೇಳುತ್ತೇನೆ. ನನ್ನ ತಪ್ಪನ್ನೂ ಹೇಳುತ್ತೇನೆ.

ಶೂಜಿ


ಟೋಕಿಯೋ
೩ ಅಕ್ಟೋಬರ್ ೨೦೧೨

ಯೊರಿಕೊ,

ನನ್ನ ಹಿಂದಿನ ಪತ್ರಕ್ಕೆ ನೀನು ಬರೆಯಲಿಲ್ಲ. ಬರೆಯುತ್ತೀಯ ಅಂತ ನಾನೂ ಅಂದುಕೊಂಡಿರಲಿಲ್ಲ.

ಸಭೆಯಲ್ಲಿ ಹೇಳಿದೆ. ಕಾರ್ಡಿನ ಪೆಟ್ಟಿಗೆಯನ್ನೂ ಮೇಜಿನ ಮೇಲೆ ಇಟ್ಟಿದ್ದೆ. ಕೆಲಸ ಹೋಗುತ್ತದೆ ಅಂತ ಮನೆಯಲ್ಲಿ ಹೇಳಿಯೇ ಬಂದಿದ್ದೆ. ನಿರ್ದೇಶಕ ಕುಮೆ, ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಪೂರ್ತಿ ಕೇಳಿಸಿಕೊಂಡ.

‘ಹೊಜುಮಿಯವರೇ, ಇಷ್ಟಕ್ಕೆ ನಿದ್ದೆ ಕೆಡಿಸಿಕೊಂಡ್ರಾ?’ ಅಂದ. ‘ಆ ನಾಲ್ಕು ಜನ ಹೋದ ವರ್ಷವೇ ತೀರ್ಮಾನ ಆಗಿದ್ದು.’

‘ಮತ್ತೆ ಮತ?’

‘ಮತ ಪ್ರಚಾರಕ್ಕೆ. ಎರಡು ತಿಂಗಳು ಎಲ್ಲರ ಬಾಯಲ್ಲೂ ನಮ್ಮ ಆಟದ ಹೆಸರು ಓಡಾಡ್ತಲ್ಲ.’

‘ಬೇರೆಯವರು ಗೆದ್ದಿದ್ರೆ?’

‘ಆಮೇಲೆ ಬಿಡಿಯಾಗಿ ಮಾರ್ತಿದ್ವಿ, ಮನೇಲಿ ಆಡೋರಿಗೆ. ಅಂಗಡಿ ಪೆಟ್ಟಿಗೆಗಂತೂ ಅಲ್ಲ. ನಿಮ್ಮ ಆ ಅಜ್ಜಿ ತಾತಂದಿರು ಮನೇಲಿ ಆಟದ ಯಂತ್ರ ಇಟ್ಕೊಂಡಿದ್ದಾರಾ? ಇಲ್ವಲ್ಲ. ಅವರು ನಮ್ಮ ಗಿರಾಕಿಗಳೇ ಅಲ್ಲ ಬಿಡಿ.’

ಎಲ್ಲರೂ ಮುಂದಿನ ವಿಷಯಕ್ಕೆ ಹೋದರು. ನನಗೆ ಯಾರೂ ಬಯ್ಯಲಿಲ್ಲ. ಮಧ್ಯಾಹ್ನ ಊಟದಲ್ಲಿ ಕುಮೆ ನನ್ನ ತಟ್ಟೆಗೆ ಒಂದು ತುಂಡು ಮೀನು ಹೆಚ್ಚಿಗೆ ಹಾಕಿಸಿದ.

ಒಂದು ಪಾತ್ರವನ್ನು ಸಿದ್ಧ ಮಾಡಲು ಎಂಟು ಒಂಬತ್ತು ತಿಂಗಳು ಬೇಕು. ಏಪ್ರಿಲ್‌ನಲ್ಲಿ ಮತ ಎಣಿಸಿ ನವೆಂಬರಿಗೆ ಆಟ ಇಳಿಸಲು ಆಗುವುದೇ ಇಲ್ಲ. ಈ ಕೆಲಸದಲ್ಲಿ ಕೂದಲು ಬೆಳ್ಳಗಾದ ನನಗೆ ಅದು ಹೊಳೆಯಲಿಲ್ಲ. ಚಿತ್ರ ಬಿಡಿಸಿದ ನಿನಗೂ ಹೊಳೆಯಲಿಲ್ಲ. ನಾವಿಬ್ಬರೂ ಎಲ್ಲೋ ಒಂದು ಕಡೆ ಇನ್ನೂ ನಂಬಿದ್ದೆವು, ಅಲ್ಲವಾ?

ನಾನು ಮಾಡಿದ ತಪ್ಪಿನಿಂದ ಏನೂ ಬದಲಾಗಲಿಲ್ಲ. ಇದನ್ನು ಕೇಳಿ ನನಗೆ ನಿರಾಳ ಆಗಬೇಕಿತ್ತು. ಆಗಲಿಲ್ಲ. ಓಕಿನು ಬರುವುದಿಲ್ಲ ಯೊರಿಕೊ. ಇದನ್ನು ನಿನ್ನ ಕೈಯಲ್ಲಿ ಹೇಳಿಸುವುದು ನ್ಯಾಯವಲ್ಲ. ಹತ್ತೊಂಬತ್ತನೇ ತಾರೀಕು ಶುಕ್ರವಾರ ರಜೆ ಹಾಕಿ ಬರುತ್ತೇನೆ, ನಾನೇ ಅವರೆದುರು ಹೇಳುತ್ತೇನೆ. ಬೇಡ ಅನ್ನುವುದಿದ್ದರೆ ಬರೆ.

ಶೂಜಿ


ಅಮಗಸಾಕಿ
೨೨ ಅಕ್ಟೋಬರ್ ೨೦೧೨

ಶೂಜಿ,

ಬೇಡ ಅಂತ ಬರೆಯೋಣ ಅಂದುಕೊಂಡೇ ಹದಿನೈದು ದಿನ ಕಳೆದೆ. ನೀನು ಬಂದೇ ಬಿಟ್ಟೆ.

ನೀನು ಕ್ಷಮೆ ಕೇಳಲು ಬಗ್ಗಿದವನು ತಲೆ ಎತ್ತಲೇ ಇಲ್ಲ, ಹಾಗಾಗಿ ಅವರ ಮುಖ ನೀನು ನೋಡಿಲ್ಲ. ನಾನು ನೋಡಿದೆ. ಮತ ಸುಳ್ಳು, ಪಟ್ಟಿ ಮೊದಲೇ ತೀರ್ಮಾನವಾಗಿತ್ತು ಅಂತ ನೀನು ಹೇಳಿದಾಗ ಯಾರಿಗೂ ಅಂಥಾ ಸಿಟ್ಟು ಬರಲಿಲ್ಲ. ಮಿಯಾಕೆ ತಾತ ನಲವತ್ತು ವರ್ಷ ಉಕ್ಕಿನ ಕಾರ್ಖಾನೆಯಲ್ಲಿದ್ದವರು. ‘ನಮ್ಮ ಯೂನಿಯನ್ ಚುನಾವಣೆನೂ ಹೀಗೇ ನಡೀತಿತ್ತು’ ಅಂತ ಪಕ್ಕದವರಿಗೆ ಹೇಳಿ ನಕ್ಕರು. ಕಂಪನಿ ಅಂದಮೇಲೆ ಇದೆಲ್ಲ ಇದ್ದದ್ದೇ ಅಂತ ಅವರು ಅರ್ಧ ನಿಮಿಷದಲ್ಲಿ ಒಪ್ಪಿಕೊಂಡರು. ನಾನೂ ನೀನೂ ಒಪ್ಪಿಕೊಳ್ಳಲು ಇಷ್ಟು ತಿಂಗಳು ತೆಗೆದುಕೊಂಡಿದ್ದೇವೆ.

ನೀನು ಅಲ್ಲಿಗೇ ಹೊರಟಿದ್ದರೆ ಚೆನ್ನಾಗಿತ್ತು. ‘ನಿಮ್ಮೆಲ್ಲರ ಕಾರ್ಡು ನನ್ನ ಕೈ ಸೇರಿದ್ದವು, ಒಂದೊಂದನ್ನೂ ನೋಡಿದ್ದೀನಿ’ ಅಂತ ಸಮಾಧಾನಕ್ಕೆ ಒಂದು ಮಾತು ಸೇರಿಸಿದೆಯಲ್ಲ, ಅದು ಕೆಡಿಸಿತು. ತೊಮೆ ಅಜ್ಜಿ ಕಣ್ಣರಳಿಸಿಕೊಂಡು ಕೇಳಿದರು, ‘ಹೌದಾ ಸ್ವಾಮಿ? ನಾನು ಏನು ಬರೆಸಿದ್ದೆ ಹೇಳಿ ನೋಡೋಣ.’ ನಿನ್ನನ್ನು ಸಿಕ್ಕಿಸಲು ಕೇಳಿದ್ದಲ್ಲ, ನಿಜವಾಗಿಯೂ ಕೇಳಬೇಕು ಅನ್ನಿಸಿ ಕೇಳಿದ್ದು. ನೀನು ಬಾಯಿ ತೆರೆದೆ, ಮುಚ್ಚಿದೆ. ಅವರು ಕಾದರು. ಆಮೇಲೆ ಅವರ ಮುಖ ಹೇಗೆ ಬಾಡಿತು ಅನ್ನುವುದನ್ನು ನಾನು ನೋಡಿದೆ. ನೀನು ನೆಲ ನೋಡುತ್ತಿದ್ದೆ. ನೀನು ತಂದಿದ್ದ ಕೆಂಪು ಕಾಳಿನ ಸಿಹಿತಿಂಡಿಯ ಡಬ್ಬಿ ಅವರ ಮಡಿಲಲ್ಲೇ ಇತ್ತು. ಅದನ್ನು ಬೆಂಚಿನ ಮೇಲೆ ಇಟ್ಟು ಮನೆಗೆ ಹೋದರು. ಮೂರು ದಿನವಾಯಿತು, ಬಂದಿಲ್ಲ. ನಿನ್ನೆ ಹೋಗಿ ಕರೆದೆ. ‘ಕಾಲು ನೋವು ಕಣಮ್ಮ’ ಅಂದರು.

ನಾನು ಅಲ್ಲೇ ನಿಂತಿದ್ದೆ. ನಿನ್ನ ಪರ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಅದರ ಬಗ್ಗೆ ನನಗೆ ಪಶ್ಚಾತ್ತಾಪವೂ ಇಲ್ಲ.

ಅವರ ಕಾರ್ಡಿನಲ್ಲಿ ಏನಿದೆ ಅಂತ ನನಗೆ ಗೊತ್ತು, ಬರೆದವಳು ನಾನೇ. ನಿನಗೆ ಹೇಳುವುದಿಲ್ಲ.

ಯೊರಿಕೊ


ಟೋಕಿಯೋ
೫ ನವೆಂಬರ್ ೨೦೧೨

ಯೊರಿಕೊ,

ತೊಂಬತ್ತನಾಲ್ಕನ್ನೂ ಓದಿದೆ. ಎಷ್ಟೋ ವರ್ಷದಿಂದ ಅಭಿಪ್ರಾಯ ಓದುವುದೇ ನನ್ನ ಅನ್ನ, ಆದರೂ ಹೀಗೆ ಓದಿರಲಿಲ್ಲ. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ನನ್ನ ಹೆಂಡತಿ ನಡುವೆ ಬಂದು ತಾನೂ ಓದತೊಡಗಿದಳು.

ಮಿಯಾಕೆ ತಾತ: ‘ಈ ಆಟದಲ್ಲಿ ಮೈತುಂಬ ಬಟ್ಟೆ ಹಾಕಿಕೊಂಡು ಹೊಡೆದಾಡುವವಳು ಇವಳೊಬ್ಬಳೇ. ನೋಡಲು ಸಂಕೋಚವಾಗುವುದಿಲ್ಲ.’

ಹಗಲು ಕೇಂದ್ರದ ಒಬ್ಬರು, ತೊಂಬತ್ತೊಂದು ವಯಸ್ಸು: ‘ಓಕಿನು ನಿಧಾನ. ನನ್ನ ಬೆರಳೂ ನಿಧಾನ. ಬೇರೆಯವರನ್ನು ಹಿಡಿದರೆ ಅವರು ನನ್ನನ್ನು ಬಿಟ್ಟು ಓಡುತ್ತಾರೆ.’

ಇನ್ನೊಬ್ಬರು: ‘ನನಗೆ ಆಟ ಗೊತ್ತಿಲ್ಲ. ಯೊರಿಕೊ ಕೇಳಿದಳು ಅಂತ ಹಾಕುತ್ತಿದ್ದೇನೆ. ಅವಳು ಒಳ್ಳೆಯವಳು.’ ಇದನ್ನೂ ಹೇಳಿದ ಹಾಗೇ ಬರೆದಿದ್ದೀಯಲ್ಲ, ನಾಚಿಕೆಗೆಟ್ಟವಳೇ.

ಅಂತರ್ಜಾಲದಲ್ಲಿ ದಿನಾ ನೂರಾರು ಜನ ನನಗೆ ಆಟ ಹೇಗೆ ಮಾಡಬೇಕು ಅಂತ ಹೇಳಿಕೊಡುತ್ತಾರೆ. ಅಜ್ಜಿ ಯಾಕೆ ನಿಧಾನ ಇರಬೇಕು ಅಂತ ಒಬ್ಬರೂ ಹೇಳಿರಲಿಲ್ಲ. ನೀನು ಮಾತ್ರ ಹೇಳಿದ್ದೆ, ಆಗ ನಾನು ವೇಗ ಹೆಚ್ಚಿಸು ಅಂತ ನಿನ್ನ ಜೊತೆ ಜಗಳವಾಡಿದ್ದೆ.

ತೊಮೆ ಅಜ್ಜಿಯ ಕಾರ್ಡು ಎಪ್ಪತ್ತೊಂದನೆಯದು. ಜಾಗ ಸಾಲದೆ ಹಿಂದಕ್ಕೂ ತಿರುಗಿಸಿ ಬರೆದಿದ್ದೀಯ. ನೀನೇ ಬರೆದದ್ದನ್ನು ನಿನಗೇ ಓದಿ ಹೇಳಬೇಕಾಗಿಲ್ಲ. ಆದರೆ ನಾನು ಓದಿದೆ ಅಂತ ನಿನಗೆ ನಂಬಿಕೆ ಬರಬೇಕು, ಅದಕ್ಕೆ ಪೂರ್ತಿ ನಕಲು ಮಾಡುತ್ತಿದ್ದೇನೆ:

‘ಈ ಅಜ್ಜಿಯ ಚಿತ್ರ ಬಿಡಿಸಿದವಳು ಈಗ ನನ್ನ ಎದುರು ಕೂತು ನನ್ನ ಕಾರ್ಡು ಬರೆಯುತ್ತಿದ್ದಾಳೆ. ಒಂದು ದಿನ ಬಾಯಿ ತಪ್ಪಿ ನನಗೊಬ್ಬಳಿಗೆ ಹೇಳಿದಳು. ಇದನ್ನು ಬರೆಯಲ್ಲ ಅಜ್ಜಿ ಅಂತ ಈಗ ಹಟ ಮಾಡುತ್ತಿದ್ದಾಳೆ, ನಾನು ಬಿಟ್ಟಿಲ್ಲ. ಪೆಟ್ಟಿಗೆಯಲ್ಲಿ ಎಲ್ಲೂ ಇವಳ ಹೆಸರಿಲ್ಲ. ನಾನು ಮೂವತ್ತು ವರ್ಷ ನೇಯ್ದ ಬಟ್ಟೆಯ ಮೇಲೂ ನನ್ನ ಹೆಸರಿರಲಿಲ್ಲ. ಹೊಸ ಆಟದಲ್ಲಿ ಓಕಿನು ಇರಲಿ, ಇವಳ ಹೆಸರೂ ಇರಲಿ. ತತ್ಸುಮಿ ಯೊರಿಕೊ. ಸರಿಯಾಗಿ ಬರೆದುಕೊಳ್ಳಿ.’

ಈ ಒಂದು ಕಾರ್ಡು ಏಪ್ರಿಲ್‌ನಲ್ಲಿ ಓದಿದ್ದರೆ ಒಂದೇ ಕೈಬರಹ ಯಾಕೆ ಅಂತ ಗೊತ್ತಾಗುತ್ತಿತ್ತು. ನನ್ನ ಹೆಂಡತಿ ಇದನ್ನು ಎರಡು ಸಲ ಓದಿ, ‘ಮತ್ತೆ ಓಕಿನು ನೀವು ಮಾಡಿದ್ದಲ್ವಾ?’ ಅಂತ ಕೇಳಿದಳು. ಅವಳಿಗೂ ನಾನು ಹೇಳಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷ.

ಸೋಮವಾರ, ಅಂದರೆ ಇವತ್ತು, ಪತ್ರಿಕೆಯ ಸಂಪಾದಕರಿಗೆ ಫೋನು ಮಾಡಿ ಹೇಳಿದೆ. ‘ಈಗ್ಯಾಕೆ ಸ್ವಾಮಿ? ಆ ಪಾತ್ರವೇ ಇಲ್ಲವಲ್ಲ’ ಅಂದರು. ತಿದ್ದುಪಡಿ ಹಾಕಿ ಅಂತ ಪಟ್ಟು ಹಿಡಿದೆ. ಹಾಕುತ್ತಾರಂತೆ, ಒಂದು ಸಣ್ಣ ಚೌಕದಲ್ಲಿ. ಕುಮೆಗೂ ತಿಳಿಸಿದ್ದೇನೆ. ಅವನಿಗೆ ಇದರಲ್ಲಿ ಆಸಕ್ತಿ ಇಲ್ಲ.

ತೊಮೆ ಅಜ್ಜಿಗೆ ಬೇರೆ ಪತ್ರ ಬರೆದಿದ್ದೇನೆ, ದಪ್ಪ ಅಕ್ಷರದಲ್ಲಿ, ಅವರೇ ಓದಿಕೊಳ್ಳಲಿ ಅಂತ. ಕ್ಷಮಿಸು ಅಂತ ನಿನ್ನನ್ನು ಕೇಳಬಹುದಾ?

ಶೂಜಿ


ಅಮಗಸಾಕಿ
೧೮ ನವೆಂಬರ್ ೨೦೧೨

ಶೂಜಿ,

ಪತ್ರಿಕೆ ಬಂತು. ಚೌಕ ನಿಜಕ್ಕೂ ಸಣ್ಣದು, ಕೂದಲು ಉದುರದಂತೆ ಹಚ್ಚುವ ಎಣ್ಣೆಯ ಜಾಹೀರಾತಿನ ಕೆಳಗಿದೆ. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಮುದುಕರೆಲ್ಲ ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು, ಒಬ್ಬರಾದ ಮೇಲೆ ಒಬ್ಬರು.

ಇಂಥಾ ದಿನ ಬಂದರೆ ಹೇಗೆ ಸಂತೋಷ ಪಡಬೇಕು ಅಂತ ಹದಿನಾಲ್ಕು ವರ್ಷ ಮನಸ್ಸಿನಲ್ಲೇ ಆಡಿಕೊಂಡಿದ್ದೆ. ಅದೇನೂ ಆಗಲಿಲ್ಲ. ಸುಸ್ತಾಯಿತು ಅಷ್ಟೆ. ಒಳಗೆ ಹೋಗಿ ಬಚ್ಚಲಲ್ಲಿ ಮುಖ ತೊಳೆದುಕೊಂಡು ಸ್ವಲ್ಪ ಹೊತ್ತು ಕೂತೆ. ಅತ್ತುಬಿಟ್ಟೆ ಅಂತಲೂ ಬರೆಯಬೇಕು, ಸುಳ್ಳು ಯಾಕೆ.

ಇನ್ನೊಂದು ಸುಳ್ಳು ಇದೆ. ಮುದುಕರಿಗೋಸ್ಕರ, ಮುದುಕರಿಗೋಸ್ಕರ ಅಂತ ನಿನಗೆ ಬರೆದೆ. ಅವರು ಓಕಿನು ಹೋದರೆ ಟೀ ಕುಡಿದು ಹರಟೆ ಹೊಡೆದುಕೊಂಡು ಇರುತ್ತಿದ್ದರು. ಅವಳು ಹೋಗುವುದು ಬೇಡವಾಗಿದ್ದದ್ದು ನನಗೆ. ಹಗಲೂ ರಾತ್ರಿ ಕೂತು ಒಂದೊಂದು ಚುಕ್ಕಿ ಇಟ್ಟು ಮಾಡಿದ ಕೆಲಸ, ನನ್ನ ಜೀವನದಲ್ಲಿ ನಾನು ಮಾಡಿದ ಒಂದೇ ಕೆಲಸ. ಅದನ್ನು ತೊಂಬತ್ತನಾಲ್ಕು ಜನರ ಬೆನ್ನ ಹಿಂದೆ ಅಡಗಿ ಕೇಳಿದೆ. ತೊಮೆ ಅಜ್ಜಿಗೆ ಅದು ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ.

ಕ್ಷಮಿಸು ಅಂತ ಕೇಳಬಹುದಾ ಅಂದಿದ್ದೀಯ. ಗೊತ್ತಿಲ್ಲ ಶೂಜಿ. ಸಿಟ್ಟು ಹೋಗಿದೆ. ಅದರ ಜಾಗಕ್ಕೆ ಇನ್ನೂ ಏನೂ ಬಂದಿಲ್ಲ. ಬಂದಾಗ ಬರೆಯುತ್ತೇನೆ.

ಮೊನ್ನೆ ಹದಿನಾರಕ್ಕೆ ಲಾರಿ ಬಂತು. ಹೊಸ ಪೆಟ್ಟಿಗೆ ಮಿರಮಿರ ಮಿಂಚುತ್ತಿತ್ತು. ಇಬ್ಬರು ಹಳೆಯದರ ವೈರು ಕೀಳಲು ಬಗ್ಗಿದರು. ಆಗ ತೊಮೆ ಅಜ್ಜಿ ಬಾಗಿಲಲ್ಲಿ ನಿಂತಿದ್ದರು, ನಾಲ್ಕು ವಾರದ ಮೇಲೆ ಮೊದಲ ಸಲ ಬಂದದ್ದು. ನಿನ್ನ ಪತ್ರ ಸೊಂಟದ ಚೀಲದಲ್ಲಿತ್ತು. ನಾನೇ ಆ ಇಬ್ಬರಿಗೆ ‘ಅದನ್ನು ಬಿಡಿ’ ಅಂದೆ. ಹೇಳಿದ ಮೇಲೆ ನನಗೇ ಗಾಬರಿಯಾಯಿತು.

ಲಾರಿಯವನು ಕಾಗದ ತೋರಿಸಿದ. ‘ಅಮ್ಮಾ, ಮುದ್ರೆ ಒತ್ತಿದ್ದೀರಿ. ಈಗ ಬಿಡಿ ಅಂದ್ರೆ ಹೊಸದು ಸಿಗಲ್ಲ, ಇನ್ಮೇಲೂ ಸಿಗಲ್ಲ.’

‘ಗೊತ್ತು.’

‘ಇದರ ಪರದೆ ಇನ್ನೊಂದು ವರ್ಷ ಬಂದ್ರೆ ಹೆಚ್ಚು. ಇಟ್ಕೊಂಡು ಏನ್ಮಾಡ್ತೀರಿ?’

‘ಅದು ನಾನು ಬರೆದ ಚಿತ್ರ ಕಣಪ್ಪಾ. ನಾನೇ ಎತ್ತಿ ಲಾರಿಗೆ ಹಾಕೋಕಾಗಲ್ಲ.’

ಜೋರಾಗಿ ಹೇಳಿದ್ದು ಅದೇ ಮೊದಲು, ಹೊರಗಿನವರೊಬ್ಬರ ಮುಂದೆ. ಅವನು ನನ್ನ ಮುಖ ನೋಡಿದ, ಪರದೆಯ ಮೇಲೆ ಬಕೆಟ್ಟು ಹಿಡಿದು ನಿಂತ ಓಕಿನುವನ್ನು ನೋಡಿದ. ‘ಸಣ್ಣವನಿದ್ದಾಗ ಈ ಮುದುಕಿ ಕೈಲಿ ಬಹಳ ಏಟು ತಿಂದಿದ್ದೀನಿ’ ಅಂದ. ಹೊಸ ಪೆಟ್ಟಿಗೆಯನ್ನು ಹತ್ತಿಸಿಕೊಂಡು ಹೋದ.

ಸಂಜೆಯ ಕಾಲೇಜಿನವರು ನಿನ್ನೆಯಿಂದಲೇ ಕಡಿಮೆಯಾಗಿದ್ದಾರೆ. ಈ ಅಂಗಡಿ ಎಷ್ಟು ದಿನ ನಡೆಯುತ್ತದೋ ಹೇಳಲಾರೆ. ಬೆಳಿಗ್ಗೆ ಮಾತ್ರ ತುಂಬಿರುತ್ತದೆ.

ಯೊರಿಕೊ